ಓಣಿಗೆ ಬಾಗಿಲಿಲ್ಲದ ಮನೆ

ಹೋದ ವಾರ ನಮ್ಮ ಗೋಡೆಯಾಚೆ ಒಬ್ಬ ಹೆಣ್ಣುಮಗಳು ಎರಡು ದಿನ ಹಸಿದಿದ್ದಳು. ನಾನು ಗೋಡೆಯ ಈಚೆ ರೊಟ್ಟಿ ತಿಂದು ಕೈ ತೊಳೆದೆ.

ಮೊಮ್ಮಕ್ಕಳೇ, ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. (ಉಳಿದ ಓದುಗರು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳಲಿ.)

ನಿಮ್ಮ ಅಜ್ಜ ತೀರಿಕೊಂಡಾಗ ಮೊದಲ ದಿನ ಏಳು ಮನೆಯಿಂದ ರೊಟ್ಟಿ ಬುಟ್ಟಿ ಬಂದವು. ತಿನ್ನುವವರಿಲ್ಲದೆ ಒಣಗಿದವು. ಮೂರನೆಯ ದಿನ ಒಂದೂ ಬರಲಿಲ್ಲ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವಂತಿಲ್ಲ. ಬಾಯಿಬಿಟ್ಟು ಕೇಳುವ ಧೈರ್ಯ ನನಗೆಲ್ಲಿ? ನಿಮ್ಮಪ್ಪ ಆಗಿನ್ನೂ ಸಣ್ಣವ. ನೀರು ಕುಡಿದು ಸುಮ್ಮನಾದ.

ಅದು ತಿಳಿದು ಎದುರು ಮನೆಯ ಗಂಗಕ್ಕ, ಬೀಡಿ ಕಟ್ಟುವ ಹೆಂಗಸರನ್ನೆಲ್ಲ ಕೂಡಿಸಿ ಒಂದು ನಿಯಮ ಮಾಡಿದಳು. ಸಾವಾದ ಮನೆಯ ಬಲಗಡೆ ಬಾಗಿಲಿಂದ ಶುರು. ದಿನಕ್ಕೊಂದು ಬಾಗಿಲಿನ ಪಾಳಿ. ಎರಡು ಹೊತ್ತಿನ ರೊಟ್ಟಿ, ಕಡಲೆಹಿಟ್ಟಿನ ಝುಣಕ. ಅಷ್ಟೇ! ಅಧ್ಯಕ್ಷರಿಲ್ಲ, ಮೀಟಿಂಗ್ ಇಲ್ಲ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಇಷ್ಟು ವರ್ಷ ಒಂದು ಪಾಳಿಯೂ ತಪ್ಪಿರಲಿಲ್ಲ. ನನ್ನಂಥ ಮಾತು ಬಾರದವಳಿಗೆ ಅದೊಂದು ಆಸರೆ. ಬುಟ್ಟಿ ಇಟ್ಟು ಬಂದರಾಯಿತು.

ಪಕ್ಕದ ಮನೆಯ ಹಿಂದೆ, ನಮ್ಮ ಗೋಡೆಗೆ ತಾಗಿ, ಒಂದೇ ಕೋಣೆಯ ಖೋಲಿ ಇದೆ. ಅದರ ಬಾಗಿಲು ಗಟಾರದ ಕಡೆಗೆ. ಅಲ್ಲಿ ಬಾಡಿಗೆಗಿರುವ ಸುನಂದಾಳ ಗಂಡ ಹೋದ ವಾರ ತೀರಿಕೊಂಡ. ಎಲ್ಲರೂ ಹೋಗಿ ಅತ್ತು ಬಂದೆವು. ನೆಂಟರು ಸಂಜೆಯ ಬಸ್ಸಿಗೆ ಹೊರಟರು.

ಆದರೆ ಓಣಿಗೆ ಬಾಗಿಲೇ ಇಲ್ಲದ ಮನೆಗೆ ಬಲಗಡೆ ಯಾವುದು? ಮನೆ ಮಾಲಕರು ರೊಟ್ಟಿ ಕೊಡುತ್ತಾರೆಂದು ನಾವು ಅಂದುಕೊಂಡೆವು. ಓಣಿಯ ಪಾಳಿ ಶುರುವಾಗಿದೆಯೆಂದು ಅವರು.

ಮೂರನೆಯ ದಿನ ಸುನಂದಾ ನಳದ ಹತ್ತಿರ ಕೊಡ ಎತ್ತಲಾರದೆ ಕುಳಿತುಬಿಟ್ಟಳು.

"ಏನರ ಉಂಡಿಯೇನ ಯವ್ವಾ?" ಎಂದೆ.

"ಚಹಾ ಬಿಸ್ಕೀಟ ಆಗೇತ್ರಿ ಆಯಿ."

"ರೊಟ್ಟಿ ಯಾರೂ ತರಲಿಲ್ಲಾ?"

"ನಾವು ಬಾಡಿಗಿ ಮಂದಿ. ನಿಮ್ಮ ಪಾಳ್ಯಾಗ ಬರೂದಿಲ್ಲ ಅಂತ ತಿಳ್ಕೊಂಡೆರಿ."

ಗಂಗಕ್ಕನಿಗೆ ಹೇಳಿದೆ. ಅವಳು ಬೀಡಿ ಮೊರ ಬದಿಗಿಟ್ಟಳು. "ಗ್ವಾಡಿ ಬಾಜೂಕ ಇರಾಕಿ ನೀ. ರೊಟ್ಟಿ ಬುಟ್ಟಿ ಬಂದಿಲ್ಲಂತ ತಿಳೀಲಿಲ್ಲೇನ ಬೇ?"

"ಪಾಳಿ ನಂದಿರಲಿಲ್ಲಕ್ಕಾ."

"ಪಾಳಿ ಹಚ್ಚಿದ್ದ ನಿನ್ನ ಸಂಬಂಧ. ಮರತಿಯೇನ?"

ಗಂಗಕ್ಕ ಅಲ್ಲೇ ಎಲ್ಲರಿಗೂ ಕೂಗಿ ಹೇಳಿದಳು: "ಇನ್ನ ಮುಂದ ಬಾಗಲಾ ಎಣಸಬ್ಯಾಡ್ರಿ, ಒಲಿ ಎಣಸ್ರಿ!"

ನಿಯಮ ಸರಿಯಾಯಿತು. ಮಧ್ಯಾಹ್ನ ನಾನೇ ಬಿಸಿ ರೊಟ್ಟಿ ಒಯ್ದೆ. ಸುನಂದಾ ಅರ್ಧ ಮುರಿದು ನನ್ನ ಕಡೆ ಚಾಚಿದಳು. "ನೀವೂ ಉಣ್ರಿ ಆಯಿ, ಒಬ್ಬಾಕಿಗೇ ಇಳಿಯೂದಿಲ್ಲ." ನನಗೂ ಇಳಿಯಲಿಲ್ಲ.

ಮಕ್ಕಳೇ, ನಾಲ್ಕು ಹೆಜ್ಜೆ ನಡೆದು ಅವಳ ಬಾಗಿಲು ಬಡಿಯಲು ನನಗೆ ಯಾವ ನಿಯಮ ಅಡ್ಡ ಬಂದಿತ್ತು?