ಒಡತಿಯ ಕಣ್ಣಿಗೆ ಹೊಸ ಬ್ರಷ್

ಪಾರ್ಲರಿನಲ್ಲಿ ಇಪ್ಪತ್ತು ವರ್ಷ ಕಣ್ಣುಗಳನ್ನೇ ಸಿಂಗರಿಸಿದವಳಿಗೆ ಕಣ್ಣಕ್ಕ ಎಂದೇ ಹೆಸರು ಬಿದ್ದಿತ್ತು. ಕಂದು ಕಣ್ಣಿಗೆ ತಾಮ್ರದ ಬಣ್ಣ, ಗುಳಿಬಿದ್ದ ಕಣ್ಣಿಗೆ ತಿಳಿಬಣ್ಣ ಎಂದು ನೋಡಿದ ಕೂಡಲೇ ಹೇಳುತ್ತಿದ್ದಳು. ಅವಳಿಗೆ ವಾಕರಿಕೆ ತರಿಸುತ್ತಿದ್ದುದು ಒಡತಿಯ ಪದ್ಧತಿ. ಐಶ್ಯಾಡೋ ಗಟ್ಟಿಯಾಗಿ ಕೂರಲೆಂದು ಒಡತಿ ಡಬ್ಬಿಗೆ ತುಸು ಎಂಜಲು ಉಗಿದು ಕಲಸಿ, ಒಂದೇ ಬ್ರಷ್ಷಿನಿಂದ ಬಂದವರಿಗೆಲ್ಲ ಸವರುತ್ತಿದ್ದಳು. ಕಣ್ಣು ಮುಚ್ಚಿ ಕೂತವರಿಗೆ ಏನು ಕಂಡೀತು? ಮೊನ್ನೆಯಂತೂ ಕೀವು ಸೋರುವ ಕಣ್ಣಿಗೆ ಸವರಿದ ಬ್ರಷ್ಷನ್ನೇ ಮುಂದಿನವಳ ರೆಪ್ಪೆಗೆ ಒತ್ತಿದ್ದಳು.

ಇವತ್ತು ಫೋಟೋ ತೆಗೆಸಿಕೊಳ್ಳಲು ಒಡತಿಯೇ ಕುರ್ಚಿಯಲ್ಲಿ ಕೂತಳು.

"ನನ್ ಕಣ್ಣಿಗೆ ಹೊಸ ಬ್ರಷ್ ತೆಗಿಯೇ. ಆ ಗಲೀಜು ನಂಗೆ ಮುಟ್ಟಿಸ್ಬೇಡ."

ಕಣ್ಣಕ್ಕ ಹಳೇ ಬ್ರಷ್ಷನ್ನೇ ಎತ್ತಿಕೊಂಡಳು.

"ಕಣ್ಣು ಮುಚ್ಕೊಳ್ಳಿ ಮೇಡಂ. ಇವತ್ತು ಉಗಿಯೋದು ನಾನು."