ಶಾಂತತ್ತಿಯ ರಾಶಿಫಲ

ಪುಟಾಣಿ ಹಿಟ್ಟು, ಹೊಸ ಬೆಲ್ಲ, ಹುಣಸೆಹಣ್ಣಿನ ನೀರು, ಮೇಲೊಂದು ಹಿಡಿ ಬೇವಿನ ಹೂವು. ಇವೆಲ್ಲ ಹೊಸ ಗಡಿಗೆಯೊಳಗೆ ಕೂಡಿದಾಗ ಏಳುವ ಆ ವಾಸನೆಗೆ ಏನೆಂದು ಹೆಸರಿಡಬೇಕೋ ಗೊತ್ತಿಲ್ಲ. ನಮ್ಮ ಕಡೆ ಅದನ್ನು ಬರೀ ‘ಬೇವು’ ಎಂದು ಕರೆದು ವಾಟಿಗಟ್ಟಲೆ ಕುಡಿಯುತ್ತೇವೆ. ಮೊನ್ನೆ ಯುಗಾದಿಗೆ ಆ ವಾಸನೆ ಬಂದದ್ದೇ ತಡ, ರಾಮದುರ್ಗದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣೆದುರು ಬಂತು. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಪಡಸಾಲೆ ಇದ್ದಿರಬೇಕು, ಇಲ್ಲವಾದರೆ ಇಷ್ಟು ದೂರ ನನ್ನ ಮಾತು ಕೇಳುತ್ತಿರಲಿಲ್ಲ.

ಬೇವಿನೆಲೆ ಹಾಕಿ ಕಾಯಿಸಿದ ನೀರಿನಲ್ಲಿ ಮಿಂದು, ಹೋಳಿಗೆ ಉಂಡು, ಮಧ್ಯಾಹ್ನ ಎಲ್ಲರೂ ಅಜ್ಜನ ಗಾದಿಯ ಸುತ್ತ ಕೂಡುವುದು ನಮ್ಮ ಪದ್ಧತಿ. ಅಜ್ಜ ಪಂಚಾಂಗ ಓದುತ್ತಿದ್ದ. ಹಿರಿಯನೆಂದು ಮೊದಲು ಅವನದೇ ವೃಷಭ ರಾಶಿ, ಆಮೇಲೆ ಉಳಿದವರದು. ಪಕ್ಕದ ಮನೆಯ ಟೆಂಪೋ ಡ್ರೈವರ್ ಖಾದರ್ ಕಾಕಾ ತಪ್ಪದೆ ಬರುತ್ತಿದ್ದ. ಅವನಿಗೆ ರಾಶಿ ಎಲ್ಲಿಂದ ಬರಬೇಕು? “ನಂದು ಸಿಂಹ ಹಾಕ್ರಿ ಅಜ್ಜಾರ” ಎಂದು ತಾನೇ ಆರಿಸಿಕೊಂಡಿದ್ದ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಅಜ್ಜನ ಕಣ್ಣಿಗೆ ಪೊರೆ ಬಂದು, ಪಂಚಾಂಗ ನನ್ನ ಕೈಗೆ ಬಂತು. ಅದೇ ವಾರ ಅಪ್ಪನ ತಂಗಿ ಶಾಂತತ್ತಿಗೆ ನೇಸರಗಿಯ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರ ನೌಕರಿಯ ಆರ್ಡರ್ ಬಂದಿತ್ತು. “ಪರವೂರಾಗ ಹೆಣ್ಮಗಳು ಒಬ್ಬಾಕಿ ಹೆಂಗಿರತಾಳ? ಬ್ಯಾಡ ಅಂದ್ರ ಬ್ಯಾಡ” ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ವರ್ಷದ ಮೊದಲ ದಿನ ಅತ್ತರೆ ವರ್ಷವಿಡೀ ಅಳಬೇಕಾಗುತ್ತದೆ ಎಂಬ ಅಂಜಿಕೆಗೆ ಅತ್ತಿ ಬೆಳಗಿನಿಂದ ತುಟಿ ಕಚ್ಚಿಕೊಂಡು ಹೋಳಿಗೆ ಲಟ್ಟಿಸಿದ್ದಳು.

ಅವಳದು ಕನ್ಯಾ ರಾಶಿ. ಪುಟದಲ್ಲಿ ‘ಪ್ರವಾಸದಿಂದ ಕ್ಲೇಶ, ಸ್ವಸ್ಥಾನದಲ್ಲಿ ಇರುವುದು ಲೇಸು’ ಎಂದಿತ್ತು. ತಲೆಯೆತ್ತಿ ಅವಳ ಮುಖ ನೋಡಿದೆ. ಏನಾಯಿತೋ, “ಪ್ರವಾಸದಿಂದ ಶುಭ, ಪರಸ್ಥಳದಲ್ಲಿ ಮಾನ ಸನ್ಮಾನ” ಎಂದು ಓದಿಬಿಟ್ಟೆ. ಅಷ್ಟಕ್ಕೇ ಬಾಯಿ ನಿಲ್ಲಲಿಲ್ಲ. “ನಕಾರದಿಂದ ಆರಂಭವಾಗುವ ಊರು ಉತ್ತಮ.”

ಖಾದರ್ ಕಾಕಾ ಕಣ್ಣರಳಿಸಿದ. “ಯಾ ಅಲ್ಲಾ! ಪಂಚಾಂಗದಾಗ ಊರಿನ ಹೆಸರೂ ಬರತೈತೇನ್ರಿ?”

“ಈ ಸಲ ದೊಡ್ಡ ಪಂಚಾಂಗ ತಂದೇವಿ” ಎಂದ ಅಜ್ಜ.

ಅಪ್ಪ ಕೈ ಚಾಚಿದ. “ಇಲ್ಲೆ ಕೊಡು, ನಾ ಒಮ್ಮೆ ನೋಡತೇನಿ.”

ಅಜ್ಜ ತಡಕಾಡಿ ಪುಸ್ತಕ ಹಿಡಿದು ತೊಡೆಯ ಕೆಳಗೆ ಇಟ್ಟುಕೊಂಡ. “ಕೇಳಿದ್ದಾತಲ್ಲ. ಕೇಳಿದ ಫಲಾ ತಿರುವಿ ನೋಡಿದ್ರ ಕೆಡತೈತಿ.”

ಮರುದಿನ ಸಂಜೆ ಅಂಗಳದಲ್ಲಿ ಎಳೆಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವಾಗ ಅಜ್ಜ ನನ್ನ ಕಿವಿ ಹಿಡಿದ. “ಯವ್ವಾ, ನಿನ್ನೆ ಮುಂಜಾನೆ ಗುಡಿಯಾಗ ಪೂಜಾರಿ ಕನ್ಯಾ ರಾಶಿ ಓದಿದ್ದು ನಾನೂ ಕೇಳೇನಿ.” ಅವನು ನಕ್ಕ. “ಅವಂಕಿಂತ ನೀನ ಚಲೋ ಓದಿದಿ.”

ಎರಡು ದಿನ ಅಪ್ಪ ಅತ್ತಿಯ ಆರ್ಡರನ್ನು ತೆಗೆದು ತೆಗೆದು ಓದಿದ. ಮೂರನೆಯ ದಿನ ಗೋಡೆಯಾಚೆಗೆ ಕೂಗಿದ. “ಖಾದರ್, ಸೋಮವಾರ ನಿನ್ನ ಟೆಂಪೋ ಖಾಲಿ ಐತೇನೋ?” ಒಳಗೆ ಶಾಂತತ್ತಿ ನನ್ನನ್ನು ಎತ್ತಿಕೊಂಡು ಗಿರಗಿರನೆ ತಿರುಗಿಸಿದಳು. ಸೋಮವಾರ ಟ್ರಂಕು, ಹಾಸಿಗೆ, ಸ್ಟೋವಿನ ನಡುವೆ ಕೂತು ಅವಳು ನೇಸರಗಿಗೆ ಹೊರಟಾಗ ನಮ್ಮ ಓಣಿಯೇ ಬಾಗಿಲಿಗೆ ಬಂದಿತ್ತು. ಅಲ್ಲಿಂದ ಮುಂದೆ ಪ್ರತಿ ಯುಗಾದಿಗೂ ಅವಳು ತನ್ನ ಸಾಲಿಯ ಮಕ್ಕಳ ಕಥೆ ಹೊತ್ತು ಬರುತ್ತಿದ್ದಳು. ನಕ್ಕು ನಕ್ಕು ನಮ್ಮ ಪಕ್ಕೆ ನೋಯುತ್ತಿದ್ದವು.

ನಾನು ಕಾಲೇಜಿಗೆ ಸೇರಿದ ವರ್ಷ ಚಳಿಗಾಲದಲ್ಲಿ ಅಜ್ಜ ತೀರಿಕೊಂಡ. ಮುಂದೆ ಬಂದ ಯುಗಾದಿಗೆ ಹೋಳಿಗೆ ಮಾಡಲಿಲ್ಲ, ಬೇವಷ್ಟೇ ಕುಡಿದೆವು. ಖಾಲಿ ಗಾದಿಯ ಸುತ್ತ ಎಲ್ಲರೂ ಕೂತಿದ್ದೆವು. ಅಪ್ಪ ತಾನೇ ಪಂಚಾಂಗ ತಂದು ನನ್ನ ಮಡಿಲಲ್ಲಿಟ್ಟ.

“ಓದವಾ” ಎಂದ. “ಎಲ್ಲಾರಿಗೂ ಚಲೋದನ್ನ ಓದು.”

ಆ ಸಲದ ನನ್ನ ಸುಳ್ಳು ಅವನಿಗೂ ಗೊತ್ತಿತ್ತು! ಅತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಗಡಿಬಿಡಿಯಲ್ಲಿ ಪುಟ ತೆರೆದು, ರೂಢಿಯಂತೆ ಅಜ್ಜನ ವೃಷಭ ರಾಶಿಯನ್ನೇ ಮೊದಲು ಓದತೊಡಗಿದೆ. ಆರೋಗ್ಯ, ದೀರ್ಘಾಯುಷ್ಯ ಎಂದು ಬರೆದಿತ್ತು. ಯಾರೂ ತಡೆಯಲಿಲ್ಲ. ಕೊನೆಯ ಸಾಲಿನ ತನಕ ಎಲ್ಲರೂ ಕೂತು ಕೇಳಿದರು.