ಮಗ್ಗ ನಿಲ್ಲಿಸಿದ ಮಟ್ಟು

ಹೊಸಬರಿಗಾಗಿ ವಾದ್ಯಮೇಳ ಕಟ್ಟುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೈ ಚುರುಕಿರುವ ಮಕ್ಕಳಿಗೆ ಬಾರಿಸಲು ಕಡಿಮೆ ಪೆಟ್ಟು ಕೊಡಿ, ಕಾಯುವುದನ್ನು ಕಲಿಯಲಿ. ಹೆದರುವವರಿಗೆ ಡೊಳ್ಳು ಕೊಡಿ, ಅದರ ಸದ್ದೇ ಧೈರ್ಯ ಕೊಡುತ್ತದೆ. ಇದನ್ನೆಲ್ಲ ನನಗೆ ಯಾವ ಗುರುವೂ ಹೇಳಿಕೊಡಲಿಲ್ಲ. ಚಳ್ಳಕೆರೆ ಸಂತೆಯಲ್ಲಿ ಈರುಳ್ಳಿ ಮಾರಿಕೊಂಡೇ ಬಾರಿಸುವುದನ್ನು ಕಲಿತವನು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ ಮೊಳಕಾಲ್ಮೂರಿನ ಒಂದು ಶಾಲೆಗೆ ಡೊಳ್ಳು, ತಮಟೆ ಪಾಠ ಹೇಳಲು ಹೋಗುತ್ತಿದ್ದೆ. ಗಣರಾಜ್ಯೋತ್ಸವದ ದಿನ ಮಕ್ಕಳು ಒಟ್ಟಿಗೆ ಬಾರಿಸಿದರೆ ಮಾತ್ರ ಪಾಠ ಮುಂದುವರಿಯುತ್ತದೆ ಎಂದು ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು. ಮಕ್ಕಳೋ ತಾಳ ತಪ್ಪಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ತಮಟೆಯ ಹುಡುಗಿ ಡೊಳ್ಳಿನವನಿಗೆ, "ಲೇ, ನೀನು ಓಡ್ತಾ ಇದ್ರೆ ನಾವು ಹಿಂದೆ ಬುತ್ತಿ ಹೊತ್ಕಂಡು ಬರ್ಬೇಕಾ?" ಎನ್ನುತ್ತಿದ್ದಳು.

ಆ ಡಿಸೆಂಬರಿನಲ್ಲಿ ನಮ್ಮವ್ವ ತೀರಿಕೊಂಡಳು. ಸೌದೆ, ಹೂವು, ಬಂದವರ ಊಟ, ಎಲ್ಲ ನಾನೇ ನೋಡಿಕೊಂಡೆ. ಅಳು ಬರಲಿಲ್ಲ. ಕಾರ್ಯ ಮುಗಿಸಿ ಮತ್ತೆ ಬಸ್ಸು ಹತ್ತಿದೆ.

ಶಾಲೆಗೆ ಹೋದವನು ಹಳೆಯ ಮಟ್ಟು ಬಿಟ್ಟು ಹೊಸದೊಂದನ್ನು ಕಟ್ಟಿದೆ. ಡೊಳ್ಳಿಗೆ ಒಂದು ಪೆಟ್ಟು, ತಮಟೆಗೆ ಎರಡು, ನಡುವೆ ಉದ್ದನೆಯ ಬಿಡುವು. ಅವತ್ತೇ ಎಲ್ಲರ ಕೈ ಕೂಡಿತು. ಸುಲಭವಾಗಿ ಕಟ್ಟಿದ್ದಕ್ಕೇ ಹೀಗಾಯಿತು ಎಂದುಕೊಂಡೆ.

ಶಾಲೆಯ ಹಿಂದೆಯೇ ನೇಕಾರರ ಬೀದಿ. ನಾವು ಬಾರಿಸುತ್ತಿದ್ದಂತೆ, ದಿನವಿಡೀ ಕೇಳುತ್ತಿದ್ದ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಹೆಣದ ಮುಂದಿನ ತಮಟೆ ಕೇಳಿದರೆ, ಹೆಣ ದಾಟುವವರೆಗೆ ಆ ಬೀದಿಯಲ್ಲಿ ಮಗ್ಗ ಆಡುವುದಿಲ್ಲ. ಅಜ್ಜಿಯೊಬ್ಬಳು ಗೇಟಿನ ಬಳಿ ಬಂದಳು.

"ಯಾರು ಹೋದ್ರು ಮೇಷ್ಟ್ರೇ?"

ಯಾರೂ ಇಲ್ಲ, ಮಕ್ಕಳ ಪಾಠ ಎಂದೆ. ಅವಳು ಕದಲಲಿಲ್ಲ. ಆಗ ಹೊಳೆಯಿತು, ಅವ್ವನ ಹೆಣದ ಮುಂದೆ ಬಾರಿಸಿದ್ದ ಮಟ್ಟನ್ನೇ ಗೊತ್ತಿಲ್ಲದೆ ನಾನು ಕಲಿಸಿದ್ದೆ. ಬೀದಿಯಲ್ಲಿ ಕೇಳಿ ಬೆಳೆದ ಮಕ್ಕಳಿಗೆ ಅದು ಮೊದಲೇ ಗೊತ್ತಿತ್ತು.

"ನಮ್ಮವ್ವ," ಎಂದೆ, ಈರುಳ್ಳಿ ದರ ಹೇಳಿದ ಹಾಗೆ.

"ಹಂಗಾರೆ ಪೂರಾ ಬಾರಿಸಿ ಮುಗಿಸ್ರಿ. ಅರ್ಧಕ್ಕೆ ಬಿಡಬ್ಯಾಡ್ರಿ. ಆಮ್ಯಾಲೆ ಮಗ್ಗಕ್ಕೆ ಕೂರ್ತೀವಿ."

ಮಕ್ಕಳು ಪೂರ್ತಿ ಬಾರಿಸಿದರು, ಒಂದು ಪೆಟ್ಟೂ ತಪ್ಪದೆ. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಧ್ವಜದ ಕೆಳಗೆ ಅದನ್ನು ಬಾರಿಸುವಂತಿರಲಿಲ್ಲ. ಬೇರೆಯದನ್ನು ಕಟ್ಟಿಕೊಟ್ಟೆ. ಗಣರಾಜ್ಯೋತ್ಸವದ ದಿನ ಡೊಳ್ಳು ಒಂದು ದಾರಿ, ತಮಟೆ ಒಂದು ದಾರಿ. ಪಾಠ ನಿಂತಿತು.

ವಾದ್ಯಗಳನ್ನು ಬಸ್ಸಿನ ಮೇಲೆ ಕಟ್ಟಿಸಿದೆ. ಕಂಡಕ್ಟರ್ ಲಗೇಜಿಗೆ ಬಾಯಿಗೆ ಬಂದಷ್ಟು ಕೇಳಿದ. ಸಂತೆಯವನಾದ ನಾನು ಚೌಕಾಸಿ ಮಾಡದೆ ಕೊಟ್ಟು, ಕಿಟಕಿ ಪಕ್ಕ ಕೂತೆ.